ಶುಂಠಿ ಸಾರದ ಬಾಟಲಿ

ಶಿಡ್ಲಘಟ್ಟ,
೮-೮-೨೦೨೪, ಗುರುವಾರ

ಪ್ರೀತಿಯ ತಮ್ಮ ಮೋಹನ್‌ಬಾಬುವಿಗೆ,

ಹೇಗಿದ್ದೀಯಪ್ಪ? ಫ್ಯಾಕ್ಟರಿಯಲ್ಲಿ ಈ ವಾರ ಯಾವ ಪಾಳಿ? ಊಟ ಸೇರುತ್ತಿದೆಯೇ? ಯುಗಾದಿಗೆ ಬಂದಾಗ ಹೇಳಿದ್ದೆಯಲ್ಲ, ಹೊರಕಡೆಗೆ ಹೋದಾಗ ಬೀಳುವ ರಕ್ತ, ಅದು ನಿಂತಿತೇ? ನಿನ್ನ ಹೆಂಡತಿ ತನುಜ ಬಿಪಿ ಮಾತ್ರೆ ತಪ್ಪಿಸುತ್ತಿಲ್ಲ ತಾನೇ? ಫೋನಿನಲ್ಲೇ ಕೇಳಬಹುದಿತ್ತು. ಮೂರು ಸಲ ಮಾಡಿದೆ, ನಿನ್ನ ದನಿ ಕೇಳಿದ ಕೂಡಲೇ ಗೌರಿಬಿದನೂರಿನಲ್ಲಿ ಮಳೆ ಹೇಗೆ ಎಂದು ಕೇಳಿ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ, ಪಕ್ಕದ ಮನೆಯ ವೆಂಕಟೇಶನ ಕೈಲಿ ಕಳಿಸುತ್ತಿದ್ದೇನೆ.

ಹೋದ ವಾರ ಚಿಕ್ಕಬಳ್ಳಾಪುರದಲ್ಲಿ ಕ್ಯಾಮೆರಾ ಇರುವ ಕೊಳವೆ ಬಿಟ್ಟು ನನ್ನ ಕರುಳು ನೋಡಿದರು. ಟೀವಿಯಲ್ಲಿ ನನಗೂ ತೋರಿಸಿದರು, ಹೂಕೋಸಿನ ತುಂಡಿನ ಹಾಗೆ ಒಂದು ಗೆಡ್ಡೆ. ನಿನ್ನೆ ರಿಪೋರ್ಟ್ ಬಂತು. ಕೋಲನ್ ಕ್ಯಾನ್ಸರ್ ಅಂತೆ, ದೊಡ್ಡ ಕರುಳಿನದು. ಚಿಂತಾಮಣಿ ಕಾಲೇಜಿನಲ್ಲಿ ನಮಗೆ ಕೋಲನ್ ಎಂದರೆ ಒಂದರ ಮೇಲೊಂದು ಎರಡು ಚುಕ್ಕೆ, ಅಷ್ಟೇ. ಪೇಪರಿನಲ್ಲಿ ಇಂಗ್ಲಿಷಿನಲ್ಲಿ ಬಂದಿದ್ದನ್ನು ನಾನೇ ಓದಿ ನಿನಗೆ ಅರ್ಥ ಹೇಳಿರಲಿಲ್ಲವೇ, ಜಿಂಜರ್ ಎಕ್ಸ್‌ಟ್ರ್ಯಾಕ್ಟಿಗೆ ಪ್ರೊಟೆಕ್ಟಿವ್ ಎಫೆಕ್ಟ್ ಇದೆ, ಅಂದರೆ ಶುಂಠಿ ಸಾರ ಕರುಳನ್ನು ಕಾಯುತ್ತದೆ ಎಂದು? ಆ ತುಂಡು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಡಾಕ್ಟರು ಪೂರ್ತಿ ಓದಿ, ಕೊನೆಯ ಸಾಲುಗಳ ಮೇಲೆ ಬೆರಳಿಟ್ಟರು. ಅದು ಇಲಿಗಳ ಮೇಲೆ ಮಾಡಿದ ಪ್ರಯೋಗ. ಮನುಷ್ಯರಲ್ಲಿ ಇನ್ನೂ ಗಟ್ಟಿಯಾಗಿ ಗೊತ್ತಾಗಿಲ್ಲವಂತೆ, ಬಂದ ಗೆಡ್ಡೆಯನ್ನು ಅದು ಕರಗಿಸುತ್ತದೆ ಎಂದು ಯಾರೂ ಹೇಳಿಲ್ಲವಂತೆ. "ಯಜಮಾನ್ರೇ, ಸಾರಿಗೆ ಹಾಕ್ಕೊಂಡು ತಿನ್ನಿ, ಬೇಡ ಅನ್ನಲ್ಲ. ಆದರೆ ರಕ್ತ ಬೀಳ್ತಿದ್ರೂ ಅದನ್ನ ನಂಬ್ಕೊಂಡು ಹನ್ನೊಂದು ತಿಂಗಳು ಮನೇಲಿ ಕೂತಿದ್ರಲ್ಲ," ಎಂದರು. ನಾನು ಆ ಕೊನೆಯ ಸಾಲುಗಳನ್ನು ಓದೇ ಇರಲಿಲ್ಲ ಕಣೋ.

ನಲವತ್ತು ವರ್ಷ ರೇಷ್ಮೆ ಹುಳು ಸಾಕಿದವನು ನಾನು. ಬೆಳಿಗ್ಗೆ ಎದ್ದರೆ ಮೊದಲು ಹುಳುವಿನ ಹಿಕ್ಕೆ ನೋಡುತ್ತಿದ್ದೆ. ಒಣಗಿದ್ದರೆ ಆರೋಗ್ಯ, ನೀರಾಗಿದ್ದರೆ ರೋಗ. ಊರಿನವರೆಲ್ಲ ಹಿಕ್ಕೆಯನ್ನು ಅಂಗೈಲಿ ತಂದು ನನಗೇ ತೋರಿಸುತ್ತಿದ್ದರು. ನನ್ನದನ್ನು ಮಾತ್ರ ನೀರು ಹುಯ್ದು ಕಣ್ಣು ಮುಚ್ಚಿಕೊಂಡು ಬಂದೆ. ಊಟ ಬಿಟ್ಟುಹೋದಾಗಲೂ, ಹುಳು ಜ್ವರಕ್ಕೆ ಕೂತರೆ ಸೊಪ್ಪು ಮುಟ್ಟುವುದಿಲ್ಲ, ಪೊರೆ ಕಳಚಿ ಎದ್ದಮೇಲೆ ಬಕಬಕ ತಿನ್ನುತ್ತೆ, ನನಗೂ ಹಾಗೇ ಎಂದುಕೊಂಡೆ. ನಿಮ್ಮ ಅತ್ತಿಗೆ ಶ್ಯಾಮಲ ಇದ್ದಿದ್ದರೆ ತಟ್ಟೆ ಮುಂದೆ ಕೂತು, "ನೀವೇನು ಹುಳಾನಾ?" ಎಂದು ಕೇಳಿರುತ್ತಿದ್ದಳು. ಅವಳು ಹೋಗಿ ಆರು ವರ್ಷ, ಕೇಳುವವರಿಲ್ಲದೆ ಶುಂಠಿ ಜಜ್ಜಿಕೊಂಡು ಕೂತೆ. ಸಾಲದ್ದಕ್ಕೆ ನಿನಗೂ ಎರಡು ಬಾಟಲಿ ಕಳಿಸಿದೆ. ನೀನು ಡಾಕ್ಟರಿಗೆ ತೋರಿಸುತ್ತೇನೆ ಎಂದೆ, ಬೇಡ, ಬರೀ ಮೂಲವ್ಯಾಧಿ ಎಂದವನು ನಾನೇ.

ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ಡಾಕ್ಟರು ಕೇಳಿದರು. ಇಲ್ಲ ಎಂದೆ. ಬಸ್ ಸ್ಟ್ಯಾಂಡಿನವರೆಗೆ ಬಂದೆ. ಅಲ್ಲಿ ನಿಂತಾಗ ಹುಳುವಿನ ಗಂಟು ರೋಗ ನೆನಪಾಯಿತು, ತಾಯಿಯಿಂದ ಮೊಟ್ಟೆಗೆ ಇಳಿಯುವಂಥದು. ತಾಯಿ ಚಿಟ್ಟೆಗೆ ಆ ರೋಗವಿದ್ದರೆ ಅದರ ಮೊಟ್ಟೆಯನ್ನು ಯಾರಾದರೂ ಸಾಕುತ್ತಾರೆಯೇ? ಚಿಟ್ಟೆಯನ್ನು ಅರೆದು ನೋಡಿಯೇ ಮೊಟ್ಟೆ ಕೊಡುವುದು. ಹಿಂದಕ್ಕೆ ಹೋಗಿ ನಿಜ ಹೇಳಿದೆ. ಹಾಗಿದ್ದರೆ ನಿಮ್ಮ ತಮ್ಮನನ್ನೂ ಕರೆತನ್ನಿ, ತಡ ಮಾಡಬೇಡಿ ಎಂದರು.

ನನಗೆ ಮುಂದಿನ ತಿಂಗಳು ಆಪರೇಷನ್, ಅದಕ್ಕೆ ನೀನು ಹೆದರಬೇಡ. ತನುಜಳಿಗೂ ನಿನಗೂ ಕೈವಾರದ ತಾತಯ್ಯನವರ ರಕ್ಷೆ ಇರಲಿ.

ನಿನ್ನ ಅಣ್ಣ,
ನರಸಿಂಹಮೂರ್ತಿ

ಮರೆತಿದ್ದೆ: ಮರೆತಿದ್ದೆ ಎನ್ನುವುದೂ ಸುಳ್ಳು. ಯುಗಾದಿಯ ದಿನ ಜಗಲಿಯಲ್ಲಿ ನೀನು, "ಅಣ್ಣಾ, ಅಮ್ಮನಿಗೂ ಹೀಗೇ ಇತ್ತಾ?" ಎಂದು ಕೇಳಿದೆ. ಇಲ್ಲಪ್ಪ, ಅವಳದು ವಯಸ್ಸು ಎಂದೆ. ಇತ್ತು ಕಣೋ. ಎರಡು ವರ್ಷ ಅಮ್ಮನ ಸೀರೆಗಳನ್ನು ಶ್ಯಾಮಲ ಬೆಳಕು ಹರಿಯುವ ಮೊದಲೇ ಒಗೆದು ಹಾಕುತ್ತಿದ್ದಳು. "ಎವ್ವರಿಕೀ ಚೆಪ್ಪೊದ್ದು ನಾಯನಾ," ಎಂದು ಅಮ್ಮ ನನ್ನ ಕೈ ಹಿಡಿದುಕೊಂಡಿದ್ದಳು. ಯಾರಿಗೂ ಹೇಳಲಿಲ್ಲ, ನಿನಗೂ. ಬಾಟಲಿ ಚೆಲ್ಲಿಬಿಡು. ಚಿಕ್ಕಬಳ್ಳಾಪುರದಲ್ಲಿ ಸೋಮವಾರಕ್ಕೆ ನಿನ್ನ ಹೆಸರಿಗೂ ಚೀಟಿ ಬರೆಸಿದ್ದೇನೆ. ಭಾನುವಾರವೇ ಬಂದು ನಿಮ್ಮ ಮನೆಯಲ್ಲಿ ಮಲಗುತ್ತೇನೆ, ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಹೊರಡೋಣ. ಬಯ್ಯುವುದಿದ್ದರೆ ಬಸ್ಸಿನಲ್ಲಿ ಬಯ್ಯಿ.