ಹಬ್ಬಕ್ಕೆ ಮಾತ್ರ ಸಿಡಿಯುತ್ತಿದ್ದ ಒಲೆ

ಒಡಹುಟ್ಟಿದ ಅಣ್ಣಯ್ಯ ನಂಜುಂಡನಿಗೆ,

ನಿನ್ನ ತಂಗಿ ಚಿಕ್ಕತಾಯಿ ಬರೆಯುತ್ತಿದ್ದೇನೆ. ಕ್ಷೇಮವೇ ಎಂದು ಕೇಳಲು ಮನಸ್ಸು ಬರುವುದಿಲ್ಲ. ನೀನಿರುವ ಕಡೆ ಚಳಿಜ್ವರ ಇಲ್ಲ ಅಂದುಕೊಂಡಿದ್ದೇನೆ, ಅಷ್ಟಿದ್ದರೆ ಸಾಕು. ನೀನು ನನ್ನನ್ನು ಹೆಸರು ಹಿಡಿದು ಕರೆದದ್ದೇ ಕಮ್ಮಿ. ಏನು ಕಂಡರೂ ಯಾಕೆ, ಯಾಕೆ ಎನ್ನುತ್ತೇನೆಂದು 'ಯಾಕಮ್ಮ' ಅಂತಲೇ ಕೂಗುತ್ತಿದ್ದೆ. ಆ ಯಾಕಮ್ಮನ ಒಂದು ಪ್ರಶ್ನೆಗೆ ಈಗ ಉತ್ತರ ಸಿಕ್ಕಿದೆ. ಇನ್ನೊಂದಕ್ಕೆ ನೀನೇ ಹೇಳಬೇಕು. ಅದಕ್ಕೇ ಈ ಕಾಗದ.

ಹುಣಸೂರಿನಲ್ಲಿ ಇದ್ದಿಲು ಬಸ್ಸಿನ ಹಿಂದೆ ನನ್ನನ್ನು ನಿಲ್ಲಿಸಿಕೊಂಡಿದ್ದೆಯಲ್ಲ, ನೆನಪಿದೆಯಾ? ಯುದ್ಧ ಬಂದು ಪೆಟ್ರೋಲು ಸಿಗದೆ ಬಸ್ಸುಗಳ ಬೆನ್ನಿಗೆ ಹಂಡೆಯಂಥ ಒಲೆ ಕಟ್ಟಿದ್ದರು. ನೀನಾಗ ಆ ಬಸ್ಸುಗಳ ರಿಪೇರಿ ಕೆಲಸದಲ್ಲಿದ್ದೆ. "ಇದ್ದಿಲು ಸುಟ್ರೆ ಬಸ್ಸು ಎಂಗೆ ಓಡ್ತದೆ?" ಎಂದು ಕೇಳಿದೆ. "ಇದ್ದಿಲು ಓಡ್ಸಲ್ಲ ಕಣಮ್ಮಿ, ಅದ್ರಿಂದ ಬರೋ ಗ್ಯಾಸು ಓಡಿಸ್ತದೆ" ಎಂದೆ ನೀನು. ನನ್ನ ಬಾಯಿ ಸುಮ್ಮನಿರುತ್ತದೆಯೇ? "ಅಂಗಾದ್ರೆ ನಮ್ಮ ಗಾಣದ ಒಂಗೆ ಎಣ್ಣೆಗೂ ಗ್ಯಾಸು ಬತ್ತದಾ?" ನೀನು ಏನೋ ಹೇಳಲು ಬಾಯಿ ತೆರೆದೆ, ಮುಚ್ಚಿದೆ, ತಲೆ ಕೆರೆದುಕೊಂಡೆ. ಕೃಷ್ಣರಾಜನಗರದ ನಮ್ಮ ಮನೆಗೆ ವಾಪಸು ಬರುವ ದಾರಿಯುದ್ದಕ್ಕೂ ನೀನು ಬೆರಳಿನಿಂದ ಗಾಳಿಯಲ್ಲಿ ಕೊಳವೆ ಬರೆಯುತ್ತಿದ್ದೆ.

ಮಾರನೆಯ ದಿನ ಅವ್ವನ ಅಡುಗೆ ಒಲೆಗೆ ನೀನು ಮಾಡಿದ ಗತಿ ನೋಡಬೇಕಿತ್ತು! ಹಳೆಯ ಕಬ್ಬಿಣದ ಕುಪ್ಪಿಗೆ ಹೊಂಗೆ ಎಣ್ಣೆ ಹುಯ್ದು, ಬಾಯಿಗೆ ಕೊಳವೆ ಸಿಕ್ಕಿಸಿ, ಸಂದಿಗೆ ಜೇಡಿಮಣ್ಣು ಮೆತ್ತಿ ಉರಿಯ ಮೇಲಿಟ್ಟೆ. ಕುಪ್ಪಿ ಕೆಂಪಗೆ ಕಾದಾಗ ಕೊಳವೆಯ ತುದಿಯಲ್ಲಿ ಬಿಳಿ ಹೊಗೆ ಬಂತು. ಉರಿಯುವ ಕಡ್ಡಿ ಹಿಡಿದೆ. ಪುಸಕ್ಕನೆ ಹತ್ತಿಕೊಂಡು, ಬತ್ತಿಯೇ ಇಲ್ಲದ ಜ್ವಾಲೆ ಗಾಳಿಯಲ್ಲಿ ನಿಂತುಬಿಟ್ಟಿತು. "ಅಯ್ಯೋ ನಿನ್ಮನೆ ಕಾಯ್ವಾಗ! ಎಣ್ಣೆ ಹೊಗೆಗೂ ಬೆಂಕಿ ಇಕ್ತೀಯಲ್ಲೋ!" ಎಂದು ಅವ್ವ ಹಣೆ ಚಚ್ಚಿಕೊಂಡಳು. ಆಮೇಲೆ ಹತ್ತಿರ ಬಂದು ನೋಡಿ, ಸೆರಗು ಹೊದ್ದು ಕೈ ಮುಗಿದಳು. ಗಾಣದಲ್ಲಿ ಎಣ್ಣೆ ತೆಗೆಯುವ ಮನೆಯವಳಿಗೆ ಯಾವ ಜ್ವಾಲೆಯಾದರೂ ಜ್ಯೋತಿಯೇ ತಾನೇ?

ರೇಷ್ಮೆ ನೂಲಿನ ಕಾರ್ಖಾನೆಯಲ್ಲಿ ನಾನು ಬಿಸಿನೀರಿನ ಬೋಗುಣಿಯ ಮುಂದೆ ಕೂತು ಗೂಡಿನಿಂದ ಎಳೆ ತೆಗೆಯುತ್ತಿದ್ದ ಮಳೆಗಾಲ ನಿನಗೆ ಗೊತ್ತಲ್ಲ. ಸೌದೆ ಒದ್ದೆ, ಬಾಯ್ಲರಿನಲ್ಲಿ ಹಬೆ ಏರುವುದಿಲ್ಲ, ನೀರು ತಣ್ಣಗಾಗುತ್ತದೆ, ಎಳೆ ಪಟ್ ಪಟ್ಟೆಂದು ಕಡಿಯುತ್ತದೆ. ಒಳ್ಳೆಯ ಸೌದೆಯೆಲ್ಲ ಯುದ್ಧದ ಕೆಲಸಕ್ಕೆಂದು ರೈಲು ಹತ್ತಿ ಹೋಗುತ್ತಿತ್ತು. ಹಬೆ ಇಲ್ಲದ ದಿನ ನಮಗೆ ಕೂಲಿಯೂ ಇಲ್ಲ. ಸಾವ್ಕಾರ್ ಮರಿಬಸಪ್ಪನವರು ಹೀಗೇ ಆದರೆ ಬೀಗ ಹಾಕಬೇಕಾಗುತ್ತದೆ ಎಂದು ದಿನಾ ಗೊಣಗುತ್ತಿದ್ದರು. ಆಗ ನೀನು ಎಣ್ಣೆಯ ಗ್ಯಾಸಿನಿಂದಲೇ ಬಾಯ್ಲರು ಕಾಯಿಸುತ್ತೇನೆ ಅಂತ ಅವರ ಮುಂದೆ ಹೋಗಿ ನಿಂತೆ. ನಾನಂತೂ ನಕ್ಕುಬಿಟ್ಟಿದ್ದೆ.

ನೀನು ಕಟ್ಟಿದ ಒಲೆಯನ್ನು ನಾನು ಮಧ್ಯಾಹ್ನದ ಬಿಡುವಿನಲ್ಲೆಲ್ಲ ಬಂದು ಬಂದು ನೋಡುತ್ತಿದ್ದೆ. ಮೇಲೊಂದು ಎಣ್ಣೆ ತೊಟ್ಟಿ. ಅದರ ನಲ್ಲಿ ತಿರುಗಿಸಿದರೆ ಎಣ್ಣೆ ಸಣ್ಣಗೆ ಇಳಿದು, ಬಾಯ್ಲರಿನ ಕೆಳಗೆ ಕೆಂಪಗೆ ಕಾದ ಸುರುಳಿ ಕೊಳವೆಯೊಳಗೆ ಹೋಗುತ್ತದೆ, ಅಲ್ಲೇ ಗ್ಯಾಸಾಗುತ್ತದೆ. ಗ್ಯಾಸು ಪಕ್ಕದ ಡ್ರಮ್ಮಿಗೆ ಬಂದು, ಅಲ್ಲಿಂದ ತೂತು ಕೊಳವೆಗೆ ಹೋಗಿ ಉರಿಯುತ್ತದೆ. ಆ ಉರಿಯೇ ಬಾಯ್ಲರನ್ನೂ ಕಾಯಿಸುತ್ತದೆ, ಸುರುಳಿಯನ್ನೂ ಕಾಯಿಸುತ್ತದೆ. ಬೆಳಿಗ್ಗೆ ಸುರುಳಿ ಕಾಯಲು ಒಂದಿಷ್ಟು ತೆಂಗಿನ ಚಿಪ್ಪು ಉರಿಸಿದರಾಯಿತು, ಆಮೇಲೆ ತನ್ನ ಅನ್ನ ತಾನೇ ಬೇಯಿಸಿಕೊಳ್ಳುತ್ತದೆ. ಸಂಜೆ ನೀನು ನಲ್ಲಿ ಮುಚ್ಚಿ, ಬಾಯ್ಲರಿನಿಂದ ಡ್ರಮ್ಮಿಗೆ ಸ್ವಲ್ಪ ಹಬೆ ಬಿಟ್ಟು, ಉಳಿದ ಗ್ಯಾಸನ್ನೆಲ್ಲ ಹೊರಗೆ ದೂಡುತ್ತಿದ್ದೆ. ನೀಲಿ ಉರಿ ಒಮ್ಮೆ ನಡುಗಿ ಹೋಗುತ್ತಿತ್ತು. ನಮ್ಮ ಬೋಗುಣಿಗಳಲ್ಲಿ ನೀರು ದಿನವಿಡೀ ಒಂದೇ ಹದ. ಹೆಂಗಸರೆಲ್ಲ ನಿನ್ನನ್ನು ಕಂಡರೆ ಎಲೆ ಅಡಿಕೆ ಚೀಲ ಮುಂದೆ ಚಾಚುತ್ತಿದ್ದರು.

ಆಯುಧಪೂಜೆಯ ದಿನ ಅವ್ವ ಕಾರ್ಖಾನೆಗೆ ಬಂದು ನಿನ್ನ ಒಲೆಗೆ ವಿಭೂತಿ ಬಳಿದು, ಹೂ ಮುಡಿಸಿ, ಕುಂಬಳಕಾಯಿ ಒಡೆಸಿದಳು. ಮಧ್ಯಾಹ್ನಕ್ಕೆ ಕೆಲಸ ಮುಗಿಯಿತು. ನೀನು ನಲ್ಲಿಗೆ ಕೈ ಹಾಕಿದ್ದೇ ತಡ, ಅವ್ವ ಗದರಿದಳು: "ತೆಗಿ ಕೈಯ್ಯ! ಪೂಜೆ ಮಾಡಿದ ಜ್ಯೋತೀನ ಕೈಯಾರೆ ಆರಿಸ್ತಾರೇನ್ಲಾ? ಎಣ್ಣೆ ಇರೋಗಂಟ ಉರೀಲಿ, ಆಮೇಕೆ ತಾನೇ ಸಾಂತ ಆಯ್ತದೆ." ನಮ್ಮ ಗಾಣದ ಮನೆಯ ಕಟ್ಟಲೆ ಅದು. ಹಬ್ಬದ ದೀಪಕ್ಕೆ ಎಣ್ಣೆ ಹಾಕುವುದು ನಮ್ಮ ಕೈ, ಆರಿಸುವುದು ನಮ್ಮ ಕೈಯಲ್ಲ. ನೀನು ನಕ್ಕು ಕೈ ತೆಗೆದೆ. ಇಳಿಹೊತ್ತಿಗೆ ನಾವು ಅಂಗಳದಲ್ಲಿ ಕೂತು ಕಡಲೆಪುರಿ ತಿನ್ನುತ್ತಿದ್ದೆವು. ಢಮ್ ಅಂತು ನೋಡು! ಡ್ರಮ್ಮಿನ ಮುಚ್ಚಳ ಹಾರಿ ಹುಣಸೆಮರದ ಕೊಂಬೆಗೆ ಸಿಕ್ಕಿಕೊಂಡಿತು. ಯಾರಿಗೂ ಏನೂ ಆಗಲಿಲ್ಲ. ಬಾಯ್ಲರಿಗೂ ಏನೂ ಆಗಲಿಲ್ಲ.

ದೀಪಾವಳಿಯ ದಿನ ಮತ್ತೆ ಸಿಡಿಯಿತು. ನಡುವಿನ ದಿನಗಳಲ್ಲಿ ಚಕಾರವಿಲ್ಲ, ಹಬ್ಬ ಬಂದರೆ ಢಮ್. ನೀನು ಬೆಸುಗೆ ನೋಡಿದೆ, ಕೊಳವೆ ನೋಡಿದೆ, ಎಣ್ಣೆಯನ್ನು ಮೂರು ಮಡಿಕೆ ಬಟ್ಟೆಯಲ್ಲಿ ಸೋಸಿದೆ. "ಎಲ್ಲಾ ಸರಿಯಾಗೈತೆ ಕಣಮ್ಮಿ. ಯಾಕೆ ಹಬ್ಬದ ದಿನವೇ?" ಅಂತ ಅವತ್ತು ನೀನೇ ಯಾಕಪ್ಪ ಆಗಿದ್ದೆ. ಬೋಗುಣಿ ಸಾಲಿನ ಹಿರಿಯಳು ಸಿಂಗಮ್ಮ ಮಾತ್ರ ತನಗೆಲ್ಲ ಗೊತ್ತು ಎಂಬಂತೆ ಹೇಳಿದಳು: "ಹಬ್ಬದಲ್ಲಿ ಮಿಶೀನಿಗೆ ರಜಾ ಕೊಡ್ಲಿಲ್ಲ ಅಂದ್ರೆ ಅಮ್ಮನೋರು ಸುಮ್ಕಿರ್ತಾರಾ?"

ಕಾರ್ತಿಕದ ಕಡೆಯ ಸೋಮವಾರ ಮಾತ್ರ ನನ್ನ ಕಣ್ಣಿಗೆ ಕಟ್ಟಿದಂತಿದೆ. ಪೂಜೆ ಮುಗಿದಿತ್ತು. ನೀನು ನಲ್ಲಿಯ ಹತ್ತಿರ ಹೋಗಿ ಅದರ ಮೇಲೆ ಕೈ ಇಟ್ಟೆ. ಈ ಸಲ ಅವ್ವ ಗದರಲಿಲ್ಲ, ಸುಮ್ಮನೆ ನೋಡಿದಳು. ನೀನೂ ಅವಳನ್ನು ನೋಡಿದೆ. ಆಮೇಲೆ ಕೈ ತೆಗೆದು, ನಮ್ಮನ್ನೆಲ್ಲ ಅಂಗಳದ ಆಚೆ ತುದಿಗೆ ಹೋಗಿ ಕೂರಿ ಎಂದೆ. ಯಾಕೆ ಹಾಗಂದೆ ಅಣ್ಣಯ್ಯ? ಸಿಡಿಯುತ್ತದೆ ಎಂದು ನಿನಗೆ ಮೊದಲೇ...

ಮೂರನೆಯ ಸಲ ಸಿಡಿದ ಮೇಲೆ ಸಾವ್ಕಾರರು ಕಡ್ಡಿ ಮುರಿದಂತೆ ಹೇಳಿಬಿಟ್ಟರು. "ಒಂಗೆ ಎಣ್ಣೆ ದೀಪಕ್ಕೆ ಕಣಯ್ಯಾ, ಬಾಯ್ಲರಿಗಲ್ಲ. ಓಗಿ ಸೌದೆ ಗೊತ್ತುಮಾಡ್ಕೊಂಡು ಬಾ." ಸೌದೆ ಬೇಡವೆಂದು ಒಲೆ ಕಟ್ಟಿದವನು ನೀನು, ಸೌದೆ ತರಲು ವೀರನಹೊಸಹಳ್ಳಿಯ ಕಾಡಂಚಿಗೆ ಹೋದವನೂ ನೀನೇ. ಅಲ್ಲಿ ಹಿಡಿದ ಚಳಿಜ್ವರ ನಿನ್ನನ್ನು ಬಿಡಲೇ ಇಲ್ಲ. ಪುಷ್ಯ ಕಳೆಯುವುದರೊಳಗೆ ನೀನು ಇಲ್ಲವಾದೆ. ಆ ಕಾಡಿನ ಮೇಲೆ, ಸೌದೆಯ ಮೇಲೆ, ಸಾವ್ಕಾರರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅದು ಈಗಲೂ ಪೂರ್ತಿ ಇಳಿದಿಲ್ಲ, ಸುಳ್ಳು ಯಾಕೆ ಹೇಳಲಿ?

ನೀನು ಹೋದ ಮೇಲೆ ಬಂದ ಸೌದೆ ಶಿವರಾತ್ರಿಗೆ ಮುಗಿಯಿತು. ಮತ್ತೆ ಸೌದೆ ಇಲ್ಲ ಎಂದರು. ಯುಗಾದಿ ಕಳೆದ ಮೇಲೆ ಕಾರ್ಖಾನೆ ಮುಚ್ಚಿ, ಬಾಯ್ಲರನ್ನೂ ನಿನ್ನ ಒಲೆಯನ್ನೂ ಗುಜರಿಗೆ ಹಾಕುವುದು ಎಂದು ಸಾವ್ಕಾರರು ತೀರ್ಮಾನ ಮಾಡಿದರು. ಬೋಗುಣಿಯ ಮುಂದೆ ಕೂರುವ ಹೆಂಗಸರ ಮುಖ ನೋಡಲಾಗುತ್ತಿರಲಿಲ್ಲ. ನನಗೆ ಕೂಲಿಯ ಚಿಂತೆ ಒಂದು ಕಡೆ. ನಿನ್ನ ಒಲೆ ಸಿಡಿಯುವ ಒಲೆ ಎಂಬ ಹೆಸರು ಹೊತ್ತುಕೊಂಡೇ ಗುಜರಿಗೆ ಹೋಗುತ್ತದಲ್ಲ ಎಂಬ ಸಂಕಟ ಇನ್ನೊಂದು ಕಡೆ.

ಒಂದು ಸೋಮವಾರ ಬೆಳಿಗ್ಗೆ ದೇವರ ಗೂಡಿನ ಮುಂದೆ ಸುಮ್ಮನೆ ಕೂತಿದ್ದೆ. ದೀಪದ ಎಣ್ಣೆ ಮುಗಿಯುತ್ತಾ ಬಂದಿತ್ತು. ಅಷ್ಟು ಹೊತ್ತೂ ಬತ್ತಿಯ ತುದಿಯಲ್ಲಿ ನೆಟ್ಟಗೆ ನಿಂತಿದ್ದ ಉರಿ ಮೆಲ್ಲಗೆ ಒಳಕ್ಕೆ, ಬತ್ತಿಯ ಬುಡಕ್ಕೆ ಇಳಿಯಿತು. ಚಟಪಟ ಅಂತು. ಎಷ್ಟು ಸಾವಿರ ಸಲ ಕಂಡಿದ್ದೇನೋ ಅದನ್ನು! ಎಣ್ಣೆ ಇರುವ ತನಕ ಉರಿ ತುದಿಯಲ್ಲಿರುತ್ತದೆ. ಎಣ್ಣೆ ಮುಗಿದಾಗ ತಾನೇ ಹುಡುಕಿಕೊಂಡು ಒಳಗೆ ಹೋಗುತ್ತದೆ. ಅಣ್ಣಯ್ಯ, ಆ ದೀಪದಲ್ಲಿ ನನಗೆ ನಿನ್ನ ಒಲೆ ಕಂಡಿತು. ತೊಟ್ಟಿ ಬರಿದಾದರೆ ಗ್ಯಾಸು ಹುಟ್ಟುವುದಿಲ್ಲ. ತಳ್ಳುವ ಗ್ಯಾಸು ಇಲ್ಲದ ಕೊಳವೆಗೆ ಖಾಲಿ ತೊಟ್ಟಿಯ ಕಡೆಯಿಂದ ಗಾಳಿ ನುಗ್ಗುತ್ತದೆ. ಡ್ರಮ್ಮಿನಲ್ಲಿ ಗಾಳಿಯೂ ಅಳಿದುಳಿದ ಗ್ಯಾಸೂ ಬೆರೆಯುತ್ತವೆ. ಆಗ ತೂತು ಕೊಳವೆಯ ಉರಿ ಹಿಂದಕ್ಕೆ, ಡ್ರಮ್ಮಿನೊಳಕ್ಕೆ ಓಡುತ್ತದೆ, ಢಮ್. ಬೇರೆ ದಿನ ತೊಟ್ಟಿ ಬರಿದಾಗುವ ಮೊದಲೇ ನೀನು ನಲ್ಲಿ ಮುಚ್ಚಿ ಹಬೆ ಬಿಡುತ್ತಿದ್ದೆ, ಗಾಳಿ ಒಳಗೆ ಬರಲು ದಾರಿಯೇ ಇರಲಿಲ್ಲ. ಎಣ್ಣೆ ಪೂರ್ತಿ ಮುಗಿಯುವವರೆಗೆ ಬಿಟ್ಟದ್ದು ಯಾವ ದಿನ? ಹಬ್ಬದ ದಿನ ಮಾತ್ರ.

ಉತ್ತರ ಸಿಕ್ಕ ಸಂತೋಷದಲ್ಲಿ ಎದ್ದು ಗಾಣದ ಹತ್ತಿರ ಓಡಿದವಳು ಅವ್ವನ ಮುಖ ಕಂಡು ಅಲ್ಲೇ ನಿಂತೆ. ಹೇಗೆ ಹೇಳುವುದು? ಹೇಳದಿದ್ದರೆ ಒಲೆ ಗುಜರಿಗೆ. ಹೇಳಿದರೆ... ಎತ್ತನ್ನು ನಿಲ್ಲಿಸಿ, ಹೇಳಿಯೇ ಬಿಟ್ಟೆ. ಅವ್ವ ಹೊಂಗೆ ಬೀಜದ ಮಂಕರಿ ಕೆಳಗಿಟ್ಟಳು.

"ಅಂಗಾದ್ರೆ ಅದ ಸಿಡಿಸಿದ್ದು ನಾನೇ ಏನೇ?"

"ನೀನಲ್ಲ ಕಣವ್ವ, ಗಾಳಿ."

"ಗಾಳೀನ ಒಳೀಕೆ ಕರ್ದೋರು ಯಾರು?"

ಅವ್ವ ಅಳಲಿಲ್ಲ. ಎತ್ತಿನ ಬೆನ್ನು ಸವರುತ್ತಾ ಕೇಳಿದಳು: "ಅವನಿಗೆ ಗೊತ್ತಿತ್ತಾ?" ಕಾರ್ತಿಕದ ಸೋಮವಾರ ನೀನು ನಲ್ಲಿಯ ಮೇಲಿಟ್ಟ ಕೈ ಅವಳಿಗೂ ನೆನಪಿತ್ತು.

ಸಾವ್ಕಾರರ ಮುಂದೆ ನಾನು ಹೋಗಿ ನಿಂತಾಗ ಅವರು ಕನ್ನಡಕದ ಮೇಲಿಂದ ನೋಡಿದರು. ಯುಗಾದಿಯ ದಿನವೇ ಹಚ್ಚುತ್ತೇನೆ, ಹಬ್ಬದ ದಿನ ಸಿಡಿಯದಿದ್ದರೆ ಒಲೆಯನ್ನು ಉಳಿಸಿಕೊಳ್ಳಬೇಕು ಎಂದೆ. "ನಿಮ್ಮಣ್ಣ ಮುಚ್ಚಳ ಹಾರಿಸ್ದ, ನೀನು ಚಾವಣೀನೇ ಹಾರಿಸ್ತೀಯ ಅಂತ ಕಾಣ್ತದೆ" ಎಂದರು. "ಹಾರಿದ್ರೆ ಗುಜರಿಯೋರಿಗೆ ಬಿಚ್ಚೋ ಕೆಲ್ಸ ತಪ್ತದೆ ಬುಡಿ" ಎಂದೆ. "ಅಲ್ಲಮ್ಮಾ, ಹೆಂಗಸು ಬಾಯ್ಲರ್ ಒಲೆ ಹಚ್ಚೋದಾ?" ಎಂದು ರಾಗ ಎಳೆದರು. ನನ್ನ ಹಿಂದೆ ನಿಂತಿದ್ದ ಅವ್ವ ಬಾಯಿ ಬಿಟ್ಟಳು: "ಲೋಕದಾಗೆ ಒಲೆ ಹಚ್ಚೋರು ಇನ್ಯಾರು ಕಣ್ರೀ?" ಸಾವ್ಕಾರರಿಗೆ ನಗು ತಡೆಯಲಾಗಲಿಲ್ಲ, ಹೂಂ ಎಂದುಬಿಟ್ಟರು.

ಯುಗಾದಿಯ ಬೆಳಿಗ್ಗೆ ಬೇವು ಬೆಲ್ಲ ತಿಂದು ಚಿಪ್ಪು ಹಚ್ಚಿದೆ. ಸುರುಳಿ ಕೆಂಪಾಯಿತು, ನಲ್ಲಿ ತಿರುಗಿಸಿದೆ, ನೀನು ಮಾಡುತ್ತಿದ್ದಂತೆಯೇ ಕಿವಿ ಇಟ್ಟು ಕೇಳಿದೆ. ಗುಸುಗುಸು ಎಂದು ಗ್ಯಾಸು ಬಂತು, ಹತ್ತಿಕೊಂಡಿತು. ಅದೇ ನೀಲಿ. ಅವ್ವ ಪೂಜೆ ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ಹೆಂಗಸರೆಲ್ಲ ಹುಣಸೆಮರದಾಚೆ ಹೋಗಿ ಕೂತರು, ಸಾವ್ಕಾರರು ಅವರಿಗಿಂತ ಇನ್ನೂ ಆಚೆ. ತೊಟ್ಟಿಯಲ್ಲಿ ಇನ್ನೂ ಎಣ್ಣೆ ಇತ್ತು. ನಾನು ನಲ್ಲಿಗೆ ಕೈ ಹಾಕಿದೆ. "ಇರು" ಎಂದಳು ಅವ್ವ. ಮತ್ತೆ ಅದೇ ಹಟವೇ? ಅವ್ವ ಮಡಿಲಿನಿಂದ ಒಂದು ಮಣ್ಣಿನ ಹಣತೆ ತೆಗೆದು, ಎಣ್ಣೆ ಹಾಕಿ, ಬತ್ತಿ ಇಟ್ಟಳು. ಒಂದು ಕಡ್ಡಿಯನ್ನು ನಿನ್ನ ಒಲೆಯ ನೀಲಿ ಉರಿಗೆ ಹಿಡಿದು, ಅದರಿಂದ ಹಣತೆ ಹಚ್ಚಿದಳು. "ಈಗ ಜ್ಯೋತಿ ಇಲ್ಲೈತೆ. ಅಲ್ಲಿರೋದು ಬರೀ ಬೆಂಕಿ. ಬುಡು, ನಾನೇ ತಿರುಗಿಸ್ತೀನಿ" ಎಂದಳು.

ಅವ್ವ ನಲ್ಲಿಯನ್ನು ಕೊನೆಯವರೆಗೂ ತಿರುಗಿಸಿದಳು. ನಾನು ಹಬೆ ಬಿಟ್ಟೆ. ನೀಲಿ ಉರಿ ನಡುಗಿ ಹೋಯಿತು. ಕಾದೆವು. ಇಳಿಹೊತ್ತಾಯಿತು, ಕಬ್ಬಿಣ ತಣ್ಣಗಾಯಿತು. ಏನೂ ಇಲ್ಲ. ಮರದಾಚೆಯಿಂದ ಸಿಂಗಮ್ಮ ಬೇಸರದಿಂದ ಕೂಗಿದಳು: "ಯಾಕ್ರವ್ವಾ, ಸದ್ದೇ ಇಲ್ಲ?" ಎಲ್ಲರೂ ಗೊಳ್ಳೆಂದು ನಕ್ಕರು. ಅವ್ವ ಮಾತ್ರ ಆಗ ಅತ್ತಳು, ನೀನು ಹೋದ ದಿನವೂ ಹಾಗೆ ಅತ್ತಿರಲಿಲ್ಲ.

ಕಾರ್ಖಾನೆ ಮುಚ್ಚಲಿಲ್ಲ ಅಣ್ಣಯ್ಯ. ಈಗ ನಿನ್ನ ಒಲೆ ನೋಡಿಕೊಳ್ಳುವುದು ನಾನು. ಹೊಸ ಅಗ್ರಹಾರದ ಕಡೆಯ ಬದುಗಳಿಂದ ಹೊಂಗೆ ಬೀಜ ಬರುತ್ತದೆ, ಅವ್ವ ಎಣ್ಣೆ ತೆಗೆಯುತ್ತಾಳೆ, ನಾನು ಉರಿಸುತ್ತೇನೆ. ಆದರೆ ನನ್ನ ಇನ್ನೊಂದು ಪ್ರಶ್ನೆ ಹಾಗೇ ಇದೆ. ಕಾರ್ತಿಕದ ಆ ಸೋಮವಾರ ನಿನಗೆ ಗೊತ್ತಾಗಿತ್ತಾ? ಅವ್ವನ ಮೇಲೆ ತಪ್ಪು ಬರುತ್ತದೆಂದು ಸುಮ್ಮನೆ ಇದ್ದುಬಿಟ್ಟೆಯಾ? ಒಲೆ ಕೆಟ್ಟ ಹೆಸರು ಹೊತ್ತರೂ ಪರವಾಗಿಲ್ಲ ಎಂದುಕೊಂಡು ಕಾಡಿಗೆ ನಡೆದುಬಿಟ್ಟೆಯಾ? ನಾನು ಬರೆಯುತ್ತಿರುವುದು ಕಂಡು ಅವ್ವನೂ ಹೇಳುತ್ತಿದ್ದಾಳೆ: "ಗೊತ್ತಿದ್ದೂ ಸುಮ್ಕಿದ್ದಿದ್ರೆ, ನಾನು ಅಲ್ಲಿಗೆ ಬಂದಾಗ ಎರಡು ಬಿಗಿತೀನಿ ಅಂತ ಬರಿ."

ಇನ್ನೊಂದು ಸಮಾಚಾರ ಉಳಿಯಿತು. ದಿನಾ ಸಂಜೆ ನಲ್ಲಿ ಮುಚ್ಚುವ ಮುಂಚೆ ಅವ್ವ ಆ ಉರಿಯಿಂದ ಹಣತೆ ಹಚ್ಚಿಕೊಂಡು, ಗಾಳಿಗೆ ಮೊರ ಅಡ್ಡ ಹಿಡಿದು ಮನೆಗೆ ತರುತ್ತಾಳೆ. ಬೆಳಿಗ್ಗೆ ಅದೇ ಹಣತೆಯಿಂದ ನಾನು ಒಲೆಯ ಚಿಪ್ಪಿಗೆ ಬೆಂಕಿ ತಾಗಿಸುತ್ತೇನೆ. ಯುಗಾದಿಯಿಂದ ಇಲ್ಲಿಯವರೆಗೆ ನಿನ್ನ ಬೆಂಕಿ ಒಮ್ಮೆಯೂ ಆರಿಲ್ಲ. ಎಣ್ಣೆ ಮುಗಿದರೆ ತಾನೇ ಶಾಂತವಾಗುತ್ತದೆ ಎನ್ನುತ್ತಿದ್ದ ಅವ್ವ ಈಗ ರಾತ್ರಿ ಎದ್ದೆದ್ದು ಅದಕ್ಕೆ ಎಣ್ಣೆ ಹಾಕುತ್ತಾಳೆ.

ನಿನ್ನ,
ಯಾಕಮ್ಮ