ಇರ್ಲಿ ಮೂವತ್ತೊಂದು

ಜೂನ್ 3, ಮಂಗಳವಾರ

ಮತ್ತೆ ಅದೇ. ಸೇವ್ ಒತ್ತಿದರೆ ಸಾಕು, ತೆರೆಯ ಮೇಲೆ ಒಂದು ಚೌಕ — ‘ನಾಟ್ ಎನಫ್ ಮೆಮೊರಿ’. ಕೆಳಗೆ ಓಕೆ ಅನ್ನುವ ಬಟನ್. ಓಕೆ ಅಂತೆ! ಯಾವುದು ಓಕೆ?

ಬಾವನ ಸ್ಟುಡಿಯೊದಲ್ಲಿ ಎಷ್ಟೋ ವರ್ಷದಿಂದ ಹರಿದ ಫೋಟೊ, ಮಾಸಿದ ಫೋಟೊ ಸರಿಮಾಡಿದ್ದೇನೆ. ಈ ಮಷೀನು ಹೀಗೆ ಹಟ ಹಿಡಿದದ್ದು ಇದೇ ಮೊದಲು. ಕೋಪಕ್ಕಿಂತ ಕುತೂಹಲವೇ ಜಾಸ್ತಿ. ಇಷ್ಟು ಮೆಮೊರಿ ತಿನ್ನುತ್ತಿರುವವರು ಯಾರು?

ಕೆಲಸ ಎದುರು ಅಂಗಡಿಯ ಟೈಲರಮ್ಮನದು. ಅವರ ತಂಗಿ ಇಪ್ಪತ್ತಕ್ಕೇ ತೀರಿಹೋದವಳು. ಉಳಿದಿರುವುದು ಒಂದೇ ಫೋಟೊ, ಉಗುರಿನಷ್ಟು ಮುಖ. ಟೈಲರಮ್ಮನಿಗೆ ಈಗ ಅರವತ್ತು ದಾಟಿದೆ.

“ನನ್ ಜೊತೆ ಅವ್ಳಿಗೂ ವಯಸ್ಸಾಗಿದ್ರೆ ಹೇಗಿರ್ತಿದ್ಳು, ಒಂದ್ಸಲ ನೋಡ್ಬೇಕು ಕಣಮ್ಮ. ಮುಖಾನೇ ಮರ್ತುಹೋಗ್ತಾ ಇದೆ. ಕಣ್ಣು ಮುಚ್ಚಿದ್ರೆ ಆ ಫೋಟೊ ಬರುತ್ತೆ, ಅವ್ಳು ಬರಲ್ಲ.”

ಹೋದ ತಿಂಗಳು ಹೀಗೆ ಕೇಳಿದಾಗ ಒಪ್ಪಿಕೊಂಡೆ.

ಜೂನ್ 4, ಸಂಜೆ

ಬಾವ ತೆರೆದಿಟ್ಟಿದ್ದ ಹಾಡಿನ ಪುಟಗಳನ್ನೆಲ್ಲ ಮುಚ್ಚಿದೆ. ಸೆಟ್ಟಿಂಗ್ಸಿಗೆ ಹೋಗಿ ಸಾಫ್ಟ್‌ವೇರಿಗೆ ರ‍್ಯಾಮ್‌ನಲ್ಲಿ ಇನ್ನಷ್ಟು ಪಾಲು ಕೊಟ್ಟೆ. ಮಧ್ಯಾಹ್ನದವರೆಗೆ ಚೆನ್ನಾಗಿ ಓಡಿತು. ಆಮೇಲೆ ಹಾಡಿದ್ದೇ ಹಾಡೋ ಕಿಸ್ಬಾಯಿ ದಾಸ.

ತಂಗಿಯ ಮುಖಕ್ಕೆ ಸುಕ್ಕು ತರುವುದು ಸುಲಭ ಅಂದುಕೊಂಡಿದ್ದೆ. ಟೈಲರಮ್ಮನದೇ ಈಗಿನ ಫೋಟೊ ತೆಗೆದು ಅಲ್ಲಿಂದಲೇ ಗೆರೆ, ನೆರೆ ಎಲ್ಲ ಎತ್ತುತ್ತಿದ್ದೇನೆ. ಅಕ್ಕತಂಗಿ ತಾನೆ. ಅವರು ದಿನಾ ಅಂಗಡಿ ಬಾಗಿಲು ಹಾಕಿ ಇಲ್ಲಿಗೆ ಬರುತ್ತಾರೆ. ಕುತ್ತಿಗೆಯಲ್ಲಿ ಟೇಪು ಹಾಗೇ. ತೋರಿಸಿದ್ದನ್ನು ನೋಡುತ್ತಾರೆ, “ಇರ್ಲಿ” ಅನ್ನುತ್ತಾರೆ, ಹೋಗುತ್ತಾರೆ. ನಾನು ಆ ಮುಖವನ್ನು ಅದೇ ಫೈಲಿನಲ್ಲಿ ಬೇರೆ ಪದರ, ಅಂದರೆ ಲೇಯರ್, ಮಾಡಿ ‘ಇರ್ಲಿ’ ಅಂತಲೇ ಹೆಸರು, ನಂಬರು ಕೊಟ್ಟು ಇಡುತ್ತೇನೆ. ಇವತ್ತಿನದು ಇರ್ಲಿ ಇಪ್ಪತ್ನಾಲ್ಕು. ಎಲ್ಲವೂ ಬೇಕು ಆಯಮ್ಮನಿಗೆ!

ಜೂನ್ 9

ಇವತ್ತಿನ ಚೌಕ ಬೇರೆ — ‘ಸ್ಕ್ರ್ಯಾಚ್ ಡಿಸ್ಕ್ ಫುಲ್’. ಓದಿ ತಿಳಿದುಕೊಂಡೆ. ರ‍್ಯಾಮ್ ಸಾಲದಿದ್ದಾಗ ಸಾಫ್ಟ್‌ವೇರು ಡಿಸ್ಕಿನ ಜಾಗದಲ್ಲಿ ಸಾಮಾನು ಹರಡಿಕೊಳ್ಳುತ್ತದಂತೆ. ಮದುವೆ ಮನೆಯವರು ಪಕ್ಕದ ಮನೆ ಜಗಲಿಗೂ ಚಾಪೆ ಹಾಸಿದ ಹಾಗೆ. ಎಷ್ಟು ಜಾಣ! ಆದರೆ ಜಗಲಿಯೂ ತುಂಬಿದರೆ? ಇನ್ನೊಂದು ಡ್ರೈವ್ ತೋರಿಸಿದೆ. ಸಂಜೆಗೆ ಅದೂ ಭರ್ತಿ.

ಬಾವನಿಗೆ ತಾಳ್ಮೆ ಮುಗಿದಿದೆ. “ಏನಮ್ಮಾ, ಆ ತಂಗಿ ನಮ್ ಮಷೀನನ್ನೂ ಜೊತೆಗೆ ಕರ್ಕೊಂಡು ಹೋಗ್ತಾಳೋ ಹೇಗೆ? ಬೇರೆ ಕೆಲ್ಸ ಎಲ್ಲಾ ನಿಂತಿದೆ. ಶನಿವಾರದೊಳಗೆ ಆಗ್ಲಿಲ್ಲ ಅಂದ್ರೆ ಫೋಟೊ ವಾಪಸ್ ಕೊಟ್ಬಿಡು.”

ವಾಪಸ್ ಕೊಡುವುದಾ? ಏನಂತ ಹೇಳಿ ಕೊಡಲಿ? ಸಿಟ್ಟು ಬಂದಿತ್ತು.

ಜೂನ್ 12, ಗುರುವಾರ

ಸಿಕ್ಕಿತು!

ಲೇಯರಿನ ಪಕ್ಕ ಒಂದು ಪುಟ್ಟ ಕಣ್ಣಿನ ಗುರುತು ಇರುತ್ತದೆ. ಅದನ್ನು ಒತ್ತಿದರೆ ಆ ಲೇಯರ್ ಮಾಯ. ಮಾಯ ಆದರೆ ಭಾರವೂ ಹೋಯಿತು ಅಂತಲೇ ನಂಬಿದ್ದೆ. ಇವತ್ತು ಒಂದನ್ನು ಮುಚ್ಚಿ ಮೆಮೊರಿಯ ಅಂಕಿ ನೋಡಿದೆ. ಇಳಿಯಲಿಲ್ಲ. ಇನ್ನೊಂದನ್ನು ಮುಚ್ಚಿದೆ. ಊಹೂಂ. ಕಾಣದಿದ್ದರೂ ಅವೆಲ್ಲ ಅಲ್ಲೇ ಕೂತು ತಿನ್ನುತ್ತಿವೆ. ಮೂವತ್ತೊಂದು ಮುಖ, ಪ್ರತಿಯೊಂದೂ ಗೋಡೆಗೆ ಹಾಕುವಷ್ಟು ದೊಡ್ಡದು. ಕಳ್ಳ ಸಿಕ್ಕ, ಆದರೆ ಕಳ್ಳನನ್ನು ಸಾಕಿದವಳು ನಾನೇ.

ಅಳಿಸಬೇಕು. ಆದರೆ ಆಯಮ್ಮ ಇರ್ಲಿ ಅಂದದ್ದನ್ನು ನಾನು ಹೇಗೆ ಅಳಿಸಲಿ? ನಾಳೆ ಕೇಳುತ್ತೇನೆ.

ಜೂನ್ 13

ಕೇಳಿದೆ. “ಒಂದನ್ನ ಆರಿಸ್ಕೊಳ್ಳಿ ಅಮ್ಮಾ. ನೀವು ಇರ್ಲಿ ಅಂದಿದ್ದೆಲ್ಲಾ ಇಟ್ಟು ಇಟ್ಟು ಜಾಗ ಇಲ್ದಂಗಾಗಿದೆ.”

ಟೈಲರಮ್ಮ ಪಿಳಿಪಿಳಿ ಕಣ್ಣು ಬಿಟ್ಟರು. “ಇಟ್ಟಿದ್ಯಾ? ಯಾಕೆ?”

“ನೀವೇ ಅಂದ್ರಲ್ಲಾ, ಇರ್ಲಿ ಅಂತ.”

“ಅಯ್ಯೋ! ನಾನಂದಿದ್ದು ಇರ್ಲಿ ಬಿಡು ಅಂತ. ಇದು ಅವ್ಳಲ್ಲ, ಹೋಗ್ಲಿ, ಪಾಪ ಈ ಹುಡ್ಗಿ ಇಷ್ಟು ಕಷ್ಟಪಟ್ಟಿದ್ದಾಳೆ, ಬೇಡ ಅಂತ ಬಾಯ್ಬಿಟ್ಟು ಹೇಗೆ ಹೇಳೋದು ಅಂತ...”

ಇಬ್ಬರೂ ನಕ್ಕೆವು. ನನ್ನದು ಅರ್ಧಕ್ಕೇ ನಿಂತಿತು. ನನ್ನ ಮಾತೃಭಾಷೆಯಲ್ಲೇ ನಾನು ಮೂವತ್ತೊಂದು ಸಲ ಫೇಲ್.

“ಒಂದೂ ಅವರಲ್ವಾ?”

“ಎಲ್ಲಾ ನಾನೇ ಕಣಮ್ಮ. ಈ ಕಣ್ಣಿನ ಸುಕ್ಕು ನೋಡು. ಸೂಜಿ ಪೋಣ್ಸಿ ಪೋಣ್ಸಿ ಬಂದಿದ್ದು ಇದು. ಅವ್ಳು ಜನ್ಮದಲ್ಲಿ ಸೂಜಿ ಮುಟ್ಟಿದವಳಲ್ಲ.”

ಇದು ನನಗೆ ಹೊಳೆಯಲೇ ಇಲ್ಲವಲ್ಲ! ಹಾಗಾದರೆ ತಂಗಿಯ ಸುಕ್ಕು ಎಲ್ಲಿ ಬೀಳುತ್ತಿತ್ತು? ಕೇಳಿದೆ. ಟೈಲರಮ್ಮ ಕುತ್ತಿಗೆಯ ಟೇಪು ತೆಗೆದು ಬೆರಳಿಗೆ ಸುತ್ತಿಕೊಂಡರು. “ನಾಳೆ ಬೇಗ ಬಂದು ಪಕ್ಕದಲ್ಲೇ ಕೂತ್ಕೋತೀನಿ” ಅಂದರು.

ಅವರು ಹೋದ ಮೇಲೆ ಎಲ್ಲವನ್ನೂ ಅಳಿಸಿದೆ. ಹಿಂದಿನ ಹೆಜ್ಜೆಗಳನ್ನೂ ಗುಡಿಸಿಹಾಕುವ ‘ಪರ್ಜ್’ಗೆ ಹೋದೆ. ‘ಇದನ್ನು ಮತ್ತೆ ತರಲಾಗದು’ ಅಂತ ಎಚ್ಚರಿಸಿತು. ಆದರೂ ಒತ್ತಿದೆ. ಸೇವ್ ಕಣ್ಣು ಮಿಟುಕಿಸುವುದರೊಳಗೆ ಆಯಿತು.

ಜೂನ್ 14, ಶನಿವಾರ

ಬೆಳಿಗ್ಗೆಯೇ ಬಂದರು. ತಮ್ಮ ಅಂಗಡಿ ಇನ್ನೂ ತೆರೆದಿಲ್ಲ. ಕುರ್ಚಿ ಎಳೆದುಕೊಂಡು ಕೂತವರೇ ರವಿಕೆ ಅಳತೆ ಹೇಳುವ ಹಾಗೆ ಶುರುಮಾಡಿದರು.

“ಕೆನ್ನೆ ಲೂಸಾಯ್ತು, ಸ್ವಲ್ಪ ಹಿಡಿ. ಹಾಂ. ಹುಬ್ಬು ಬಿಡು... ಜಾಸ್ತಿಯಾಯ್ತು. ಅವ್ಳು ನಗ್ತಾನೇ ಇರ್ಲಿಲ್ಲ. ನಗು ಬಂದ್ರೆ ತುಟಿ ಬಿಗಿಹಿಡಿದು ತಡ್ಕೊಳ್ಳೋಳು. ಗಲ್ಲದ ಹತ್ರ ಗುಳಿ ಗುಳಿ ಆಗೋದು.”

ಗಲ್ಲ! ನಾನು ಕಣ್ಣಿನ ಸುತ್ತಲೇ ಗಿರಕಿ ಹೊಡೆಯುತ್ತಿದ್ದೆ. ತುಟಿಯ ಎರಡೂ ಬದಿ ಗೆರೆ ಎಳೆದೆ, ಗಲ್ಲಕ್ಕೆ ನೆರಳು ಕೊಟ್ಟೆ. ಮಷೀನು ತುಟಿಪಿಟಿಕ್ ಅನ್ನಲಿಲ್ಲ. ಕೂದಲು ನೆರೆಸಿದೆ. ಟೈಲರಮ್ಮನ ಮಾತು ಕಡಿಮೆಯಾಗುತ್ತ ಬಂತು. ಆಮೇಲೆ ನಿಂತೇಹೋಯಿತು.

ತಿರುಗಿ ನೋಡಿದೆ. ಅವರು ನನ್ನನ್ನು ಮರೆತೇಬಿಟ್ಟಿದ್ದರು. ತೆರೆಯ ಹತ್ತಿರ ಬಗ್ಗಿ, ಸಣ್ಣವರನ್ನು ಗದರಿಸುವ ದನಿಯಲ್ಲಿ ಅಂದರು, “ಎಷ್ಟು ಮುದುಕಿ ಆಗ್ಬಿಟ್ಟಿದ್ದೀಯಲ್ಲೇ!”

ನನಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಮೆಲ್ಲಗೆ ಹೊರಗೆ ಬಂದೆ. ಬಾವ ಆಗತಾನೇ ಬಂದು, ನಾನು ಅರ್ಧ ಎತ್ತಿದ್ದ ಶಟರನ್ನು ಪೂರ್ತಿ ಎತ್ತುತ್ತಿದ್ದರು. “ಏನು, ಮತ್ತೆ ಹ್ಯಾಂಗಾ?”

“ಇಲ್ಲ ಬಾವ. ಸದ್ದು ಮಾಡ್ಬೇಡಿ. ಒಳಗೆ ಅಕ್ಕತಂಗಿ ಮಾತಾಡ್ತಾ...”