ಅವಳು ತಿರುಗಿ ನೋಡಿದ ಕಡೆ

ಮಾರ್ಚ್ ೩, ಬೆಳಗ್ಗೆ

ಇವಳು ಇವತ್ತೂ ಹೊರಟಳು. ಇಬ್ಬರು ಟೀಚರ್‌ಗಳು, ಒಬ್ಬ ಹಲ್ಲು ಡಾಕ್ಟರು, ನಡುವೆ ನನ್ನ ಹೆಂಡತಿ — ಸೈಕಲ್ ಗುಂಪು. ಗೇಟು ಹಾಕಿ ಮತ್ತೆ ಮಲಗಿದೆ. ನಿದ್ದೆ ಬರಲಿಲ್ಲ, ಪ್ರಾಸ ಬಂತು.

ಹಲ್ಲು ಡಾಕ್ಟರಿಗೆ ಹೊಸ ಸೈಕಲ್ಲು,
ನನ್ನ ಹೊಟ್ಟೆಯೊಳಗೆ ಹಳೇ ಕಲ್ಲು.

ಇದನ್ನು ಇವಳಿಗೆ ಹೇಳುವ ಹಾಗಿಲ್ಲ. ತಿಂಡಿಗೆ ಕೂತಾಗ ನಮ್ಮ ಮ್ಯಾನೇಜರ್ ಮೇಲಿನ ಪ್ರಾಸ ಹೇಳಿದೆ. ನಕ್ಕಳು. ಸ್ವಲ್ಪ ತಡವಾಗಿ. ಮನಸ್ಸು ಇಲ್ಲಿಲ್ಲ...

ಮಾರ್ಚ್ ೮

ಕ್ಯಾಮೆರಾ ತಂದೆ. ಸೇಫ್ಟಿಗೆ ಅಂದೆ. ಯಾರಾದರೂ ಗುದ್ದಿದರೆ ಸಾಕ್ಷಿ ಬೇಡವೇ?

"ಅಬ್ಬಾ, ಏನ್ರೀ ಕಾಳಜಿ! ಮೈ ಹುಷಾರಾಗಿದೆ ತಾನೇ?"

ಹ್ಯಾಂಡಲ್‌ಗೆ ಕ್ಲಾಂಪ್ ಬಿಗಿದು ಕೂರಿಸಿದೆ.

ಮಾರ್ಚ್ ೯, ಸಂಜೆ

ರಸ್ತೆಗೇ ಚಳಿಜ್ವರ ಬಂದಂತಿದೆ ವಿಡಿಯೋ. ಗುಂಡಿ, ನಡುಕ, ಒಬ್ಬ ಟೀಚರ್‌ನ ಬೆನ್ನು. ಡಾಕ್ಟರು ಮುಂದಿಲ್ಲ. ಅಂದರೆ ಪಕ್ಕದಲ್ಲಿದ್ದಾನೆ! ನಗು ಕೇಳಿಸುತ್ತದೆ, ಮಾತೆಲ್ಲ ಗಾಳಿಪಾಲು.

ಅಂಗಡಿಯವನನ್ನು ಕೇಳಿದೆ. "ಎದೆಗೆ ಕಟ್ಟಿದ್ರೆ ಬರೀ ಮೊಣಕಾಲು ಕಾಣುತ್ತೆ ಸಾರ್. ಹೆಲ್ಮೆಟ್‌ಗೆ ಹಾಕಿ. ತಲೆ ತಿರುಗಿದ ಕಡೆ ಅದೂ ತಿರುಗುತ್ತೆ."

ಬೇಕಾಗಿದ್ದೂ ಅದೇ. ಮೈಕಿಗೆ ಗಾಳಿ ತಡೆಯುವ ಸ್ಪಂಜಿನ ಟೋಪಿಯನ್ನೂ ತಂದೆ. ಇವಳಿಗೆ ಹೇಳಿದ್ದು — ಧೂಳಿಗೆ.

ಮಾರ್ಚ್ ೧೬, ರಾತ್ರಿ

ಇವಳು ಪಕ್ಕದ ಕೋಣೆಯಲ್ಲಿ. ಹೆಲ್ಮೆಟ್ ಕ್ಯಾಮೆರಾದ ವಿಡಿಯೋ ಸೌಂಡ್ ಹಾಕದೆ ನೋಡಿದೆ.

ಎಡಕ್ಕೆ ಡಾಕ್ಟರು. ಮತ್ತೆ ಎಡಕ್ಕೆ. ಎದುರಿಗೆ ಲಾರಿ ಬರುತ್ತಿದ್ದರೂ ಎಡಕ್ಕೇ. ಅದೂ ಪೂರ್ತಿ ಕತ್ತು ತಿರುಗಿಸಿ! ಮದುವೆ ಫೋಟೋದಲ್ಲೂ ನನ್ನ ಕಡೆ ಇಷ್ಟು ತಿರುಗಿಲ್ಲ. ಅವನ ಹಲ್ಲೋ... ತನ್ನ ಕ್ಲಿನಿಕ್ಕಿಗೆ ತಾನೇ ಬೋರ್ಡು.

ಮಾರ್ಚ್ ೧೭, ಆಫೀಸು, ಊಟದ ಹೊತ್ತು

ಇಯರ್‌ಫೋನ್ ಹಾಕಿಕೊಂಡು ಕೇಳಿದೆ.

ಡಾಕ್ಟರು: "ಎಡಗಿವಿ ಪೂರ್ತಿ ಹೋಯ್ತಾ ಮೇಡಂ? ಎರಡೆರಡು ಸಲ ಕೂಗ್ಬೇಕು ನಿಮ್ಮನ್ನ."

ಇವಳು: "ಆ ಕಡೆ ಏನೂ ಕೇಳ್ಸಲ್ಲ ಡಾಕ್ಟ್ರೇ. ತಿರುಗಿದ್ರೇನೇ ಸ್ವಲ್ಪ."

"ಮನೇಲಿ ಹೇಳಿದ್ರಾ?"

"ಅಯ್ಯೋ, ಅವರು ಕೂರೋದೇ ಎಡಗಡೆ. ಪ್ರಾಸ ಹೇಳಿ ನನ್ನ ಮುಖ ನೋಡ್ತಾರೆ. ಕೇಳಿಸ್ದಿದ್ರೂ ನಕ್ಬಿಡ್ತೀನಿ. ಪಾಪ, ಖುಷಿ ಅವರಿಗೆ."

"ಮೊದ್ಲು ಕಿವಿ ಡಾಕ್ಟ್ರಿಗೆ ತೋರಿಸಿ. ಬೇಕಾದ್ರೆ ನಾನು ಕರ್ಕೊಂಡು ಹೋಗ್ತೀನಿ."

ಮತ್ತೆ ಹಾಕಿ ಕೇಳಿದೆ. ಮತ್ತೆ. ಊಟದ ಹೊತ್ತು ಮುಗಿದೇ ಹೋಯಿತು.

ಹೊಟ್ಟೆಕಿಚ್ಚು ಆರಬೇಕಿತ್ತು. ಆರಲಿಲ್ಲ, ಹೆಚ್ಚಾಯಿತು. ಇವಳ ಕಿವಿಯ ಸುದ್ದಿ ನನಗಿಂತ ಮೊದಲು ಒಬ್ಬ ಹಲ್ಲಿನವನಿಗೆ!

ಮಾರ್ಚ್ ೨೩

ಇಷ್ಟು ದಿನ ಪೆನ್ನು ಮುಟ್ಟಲಿಲ್ಲ. ಬಾಯಿ ಬಿಟ್ಟರೆ ಕದ್ದು ಕೇಳಿದ್ದು ಬಯಲು. ಬಿಡದಿದ್ದರೆ ಅವನೇ ಕರೆದುಕೊಂಡು ಹೋಗುತ್ತಾನೆ.

ಇವತ್ತು ಊಟಕ್ಕೆ ಅವಳ ಬಲಕ್ಕೆ ಹೋಗಿ ಕೂತೆ.

"ಇದೇನ್ರೀ, ಈ ಕಡೆ?"

"ಇಲ್ಲಿ ಫ್ಯಾನ್ ಗಾಳಿ ಚೆನ್ನಾಗಿ ಬರುತ್ತೆ."

ಫ್ಯಾನ್ ಹಾಕಿರಲಿಲ್ಲ.

ಫ್ಯಾನ್ ನೋಡಿದಳು. ಮೊಳೆಗೆ ತೂಗುಹಾಕಿದ್ದ ಹೆಲ್ಮೆಟ್ ನೋಡಿದಳು. ತಟ್ಟೆ ಆಚೆ ಸರಿಸಿದಳು.

"ಎಷ್ಟು ಕೇಳಿಸ್ಕೊಂಡ್ರಿ?"

"ಎಲ್ಲಾ" ಅಂದೆ. ತೀರಾ ಮೆಲ್ಲಗೆ, ನನಗೇ ಕೇಳಿಸದಷ್ಟು. ಆದರೂ ಅವಳಿಗೆ ಕೇಳಿಸಿತು.